ಕೂಲಿಯವರ ಮಕ್ಕಳ ಕಥೆಗೆ ಯಾಕೆ ಇಷ್ಟು ಹೆದರಿಕೆ?

ಅಮೆರಿಕ ಅಂದೊಡನೆ ನಿಮ್ಮ ಕಣ್ಣಮುಂದೆ ಏನು ಬರುತ್ತದೆ? ಸಾಫ್ಟ್‌ವೇರು, ಡಾಲರು, ವೀಸಾ. ಆ ದೇಶದ ಸ್ಟ್ರಾಬೆರಿ, ದ್ರಾಕ್ಷಿ, ಹತ್ತಿಯನ್ನು ಬಿಸಿಲಲ್ಲಿ ಬಗ್ಗಿ ಕಿತ್ತವರು ಯಾರೆಂದು ಎಂದಾದರೂ ಕೇಳಿದ್ದೀರಾ? ಮೆಕ್ಸಿಕೊದಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು. ಕಾಗದಪತ್ರ ಇದ್ದವರು ಕೆಲವರು, ಬೇಲಿ ನುಸುಳಿದವರು ಕೆಲವರು. ಅವರ ಮಕ್ಕಳು ಬೆಳೆದು, ಮಕ್ಕಳಿಗಾಗಿಯೇ ಆ ಕಥೆ ಬರೆದಿದ್ದಾರೆ.

ಫ್ರಾನ್ಸಿಸ್ಕೊ ಹಿಮೆನೆಸ್ ಅಂಥವರಲ್ಲೊಬ್ಬರು. ಹುಟ್ಟಿದ್ದು 1943ರಲ್ಲಿ ಮೆಕ್ಸಿಕೊದಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ. ಒಂದೂರಿನ ಬೆಳೆ ಮುಗಿದರೆ ಮುಂದಿನೂರು. ನಾವು ಗುಳೆ ಅನ್ನುತ್ತೇವಲ್ಲ, ಅದೇ. 1997ರಲ್ಲಿ ಬಂದ ಅವರ 'ದಿ ಸರ್ಕ್ಯೂಟ್' ಆ ಬಾಲ್ಯದ ಕಥೆಗಳ ಪುಸ್ತಕ. ಒಂದನೇ ಕ್ಲಾಸಿಗೆ ಸೇರಿದ ಹುಡುಗನಿಗೆ ಇಂಗ್ಲಿಷಿನ ಒಂದು ಮಾತೂ ತಿಳಿಯದು. ಸ್ಪ್ಯಾನಿಷ್ ಆಡಿದರೆ ಟೀಚರ್ ಬಿಡರು. ಮನೆಮಾತನ್ನು ಬಾಗಿಲ ಹೊರಗಿಟ್ಟು ಬಾ ಅಂದರೆ ಮಗು ಏನು ಮಾಡೀತು? ಬಾಯಿ ಮುಚ್ಚಿಕೊಂಡು, ಗಾಜಿನ ಜಾಡಿಯೊಳಗಿನ ಕಂಬಳಿಹುಳುವನ್ನು ನೋಡುತ್ತ ಕೂರುತ್ತದೆ. ಇಂಗ್ಲಿಷ್ ಬಾರದ ತಪ್ಪಿಗೆ ಹಿಮೆನೆಸ್ ಒಂದನೇ ಕ್ಲಾಸಿನಲ್ಲೇ ಫೇಲು! ಈ 'ದಡ್ಡ' ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದರು, ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರರಾದರು.

ಇನ್ನೊಂದು ಕಥೆಯಲ್ಲಿ ಒಳ್ಳೆಯ ಮೇಷ್ಟ್ರು ಸಿಗುತ್ತಾರೆ. ಊಟದ ಬಿಡುವಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ, ತುತ್ತೂರಿ ಊದುವುದನ್ನೂ ಹೇಳಿಕೊಡುತ್ತೇನೆ ಅನ್ನುತ್ತಾರೆ. ಹುಡುಗ ಕುಣಿಯುತ್ತ ಮನೆಗೆ ಬಂದರೆ ಸಾಮಾನೆಲ್ಲ ರಟ್ಟಿನ ಡಬ್ಬಗಳಲ್ಲಿ ತುಂಬಿ ನಿಂತಿದೆ. ಮತ್ತೆ ಗುಳೆ. ಇದೇ ಪುಸ್ತಕವನ್ನು ಹಿಮೆನೆಸ್ ತಾವೇ ಸ್ಪ್ಯಾನಿಷ್‌ನಲ್ಲೂ ಕೊಟ್ಟರು. ಅಲ್ಲಿ ಅದರ ಹೆಸರೇ 'ರಟ್ಟಿನ ಡಬ್ಬಗಳು'. ಶಾಲೆ ಕಿತ್ತುಕೊಂಡ ಭಾಷೆಯಲ್ಲೇ ಶಾಲೆಯ ಕಥೆ ಹೇಳಿದ ಗಂಡು ಈತ!

ಪಾಮ್ ಮುನ್ಯೋಸ್ ರಯಾನ್ 2000ದಲ್ಲಿ ಬರೆದ 'ಎಸ್ಪೆರಾನ್ಸಾ ರೈಸಿಂಗ್' ನನಗೆ ಸ್ವಲ್ಪ ಸಿಹಿ ಜಾಸ್ತಿಯಾಯಿತು. ಆದರೂ 1930ರ ದಶಕದಲ್ಲಿ ಮೆಕ್ಸಿಕನ್ನರನ್ನು, ಅಮೆರಿಕದಲ್ಲೇ ಹುಟ್ಟಿದವರನ್ನೂ ಸೇರಿಸಿ, ಗಡಿಯಾಚೆ ಅಟ್ಟಿದ್ದನ್ನು ಅದು ಮಕ್ಕಳ ಮುಂದಿಟ್ಟಿತು. ಅದಕ್ಕೊಂದು ನಮಸ್ಕಾರ.

'ಮಕ್ಕಳಿಗೇಕೆ ಈ ಗೋಳು?' ಅನ್ನುವ ಸಭ್ಯರು ಎಲ್ಲ ಕಡೆ ಇದ್ದಾರೆ. ಸ್ವಾಮಿ, ಹೊಲದಲ್ಲಿ ದುಡಿದದ್ದೇ ಮಕ್ಕಳು. ದುಡಿಯಲು ಆಗುವ ವಯಸ್ಸು ಓದಲು ಆಗುವುದಿಲ್ಲವೇ?

ಅರಿಜೋನಾ ಸರ್ಕಾರ ಇನ್ನೂ ಮುಂದೆ ಹೋಯಿತು. ಟೂಸಾನ್ ನಗರದ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ನರ ಚರಿತ್ರೆ, ಸಾಹಿತ್ಯ ಕಲಿಸುವ ತರಗತಿಗಳಿದ್ದವು. ಇದು ದ್ವೇಷ ಬಿತ್ತುತ್ತದೆ ಎಂದು 2010ರಲ್ಲಿ ಕಾನೂನು ತಂದರು. 2012ರ ಜನವರಿಯಲ್ಲಿ ತರಗತಿ ಬಂದ್. ಏಳು ಪುಸ್ತಕಗಳನ್ನು ಕ್ಲಾಸುಗಳಿಂದ ಎತ್ತಿ ಪೆಟ್ಟಿಗೆಗೆ ತುಂಬಿದರು. ನಿಷೇಧ ಅಲ್ಲವಂತೆ! ಲೈಬ್ರರಿಯಲ್ಲಿ ಇವೆಯಂತೆ!

ಹ್ಯೂಸ್ಟನ್ನಿನ ಲೇಖಕ ಟೋನಿ ಡಯಾಸ್ ಮತ್ತು ಗೆಳೆಯರು ಸುಮ್ಮನೆ ಕೂರಲಿಲ್ಲ. ಅದೇ ಮಾರ್ಚಿನಲ್ಲಿ 'ನಾವು ಪುಸ್ತಕ ಕಳ್ಳಸಾಗಣೆಯವರು' ಎಂದು ಹೆಸರಿಟ್ಟುಕೊಂಡು, ಬಸ್ಸಿನಲ್ಲಿ ಪುಸ್ತಕ ತುಂಬಿಕೊಂಡು ಟೂಸಾನಿಗೆ ನುಗ್ಗಿದರು. ವಿದ್ಯಾರ್ಥಿಗಳು ಕೋರ್ಟಿನಲ್ಲಿ ಹೋರಾಡಿದರು. 2017ರಲ್ಲಿ ನ್ಯಾಯಾಧೀಶ ವಾಲೆಸ್ ತಶಿಮಾ, ಈ ಕ್ರಮದ ಹಿಂದೆ ಇದ್ದದ್ದು ಜನಾಂಗ ದ್ವೇಷ, ಇದು ಸಂವಿಧಾನಬಾಹಿರ ಎಂದರು. ಜಪಾನಿ ಮೂಲದವರೆಂಬ ಕಾರಣಕ್ಕೆ ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಅರಿಜೋನಾದ ಶಿಬಿರದಲ್ಲಿ ಕೂಡಿಹಾಕಲ್ಪಟ್ಟಿದ್ದ ಬಾಲಕ ಈ ತಶಿಮಾ.

'ದಿ ಸರ್ಕ್ಯೂಟ್' ತೆಳ್ಳಗಿನ ಪುಸ್ತಕ, ಇಂಗ್ಲಿಷೂ ಸರಳ. ಕಂಬಳಿಹುಳುವಿನ ಕಥೆ 'ಇನ್‌ಸೈಡ್ ಔಟ್'ನಿಂದ ಶುರುಮಾಡಿ. ಓದಿ ಮುಗಿಸಿ ನಿಮ್ಮ ತಮ್ಮ ತಂಗಿಯರ ಕೈಗೆ ದಾಟಿಸಿ.