ಬೆಂಕಿ ನಂದಿಸುವವರಿಗೆ ಬೂಟೂ ಇಲ್ಲ, ವಿಮೆಯೂ ಇಲ್ಲ

ಫೆಬ್ರುವರಿ ಬಂತೆಂದರೆ ಮಲೆನಾಡಿನ ಎಲೆಯುದುರುವ ಕಾಡುಗಳಲ್ಲಿ ತರಗೆಲೆಯ ಹಾಸು ಗರಿಗರಿಯಾಗಿರುತ್ತದೆ. ಕಾಳ್ಗಿಚ್ಚಿಗೆ ಬೀಡಿಯ ತುಂಡೊಂದು ಸಾಕು. ಅಗ್ನಿಶಾಮಕ ವಾಹನ ಬೆಟ್ಟದ ಏರು ಹತ್ತಲಾರದು. ಅರಣ್ಯ ರಕ್ಷಕರೊಡನೆ ಹಸಿಸೊಪ್ಪು ಹಿಡಿದು ಓಡುವವರು ಊರವರೇ.

ಹಕ್ಕುದಾರರು ಕಾಡಿನ ಬೆಂಕಿ ನಂದಿಸಲು ನೆರವಾಗಲೇಬೇಕು, ತಪ್ಪಿದರೆ ಶಿಕ್ಷೆ ಎಂದು 1927ರ ಭಾರತೀಯ ಅರಣ್ಯ ಕಾಯ್ದೆಯ 79ನೇ ಕಲಮು ವಿಧಿಸಿತು. ಬ್ರಿಟಿಷರು ಹೋದರೂ ಆ ಮನೋಭಾವ ಹೋಗಿಲ್ಲ. ಬೆಂಕಿ ಬಿದ್ದಾಗ ನಾವು ಆಳುಗಳು. ಆರಿದ ಮೇಲೆ ಆರೋಪಿಗಳು.

ನಾವೇನೂ ನಿರ್ದೋಷಿಗಳಲ್ಲ. ಹೊಸ ಹುಲ್ಲಿನಾಸೆಗೆ ಬೇಣಕ್ಕೆ ಕೊಟ್ಟ ಬೆಂಕಿ ಕಾಡಿಗೆ ದಾಟಿದ್ದುಂಟು. ಅದು ಸಸಿಗಳನ್ನು ಸುಟ್ಟು ಲಂಟಾನಕ್ಕೆ ದಾರಿ ಮಾಡಿಕೊಡುತ್ತದೆ. ಇದನ್ನು ನಮ್ಮವರಿಗೆ ನಾವೇ ಹೇಳಬೇಕು.

ಆದರೆ 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರ ಸೀಮೆಯಲ್ಲಿ ಅರಣ್ಯ ರಕ್ಷಕರೇ ಬೆಂಕಿಗೆ ಬಲಿಯಾದರು. ಇಲಾಖೆಯ ಸಿಬ್ಬಂದಿಗೇ ಈ ಗತಿಯಾದರೆ, ಹವಾಯಿ ಚಪ್ಪಲಿಯಲ್ಲಿ ಓಡುವ ಕೂಲಿಕಾರನ ಪಾಡೇನು?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಹಳ್ಳಿಗಾಡಿನ ಬೆಂಕಿಯನ್ನೆದುರಿಸುವವರು ಬಹುಪಾಲು ಸ್ವಯಂಸೇವಕರೇ. ತರಬೇತಿ ಇಲ್ಲದೆ ಅವರನ್ನು ಬೆಂಕಿಯೆದುರು ನಿಲ್ಲಿಸುವುದಿಲ್ಲ. ರಕ್ಷಾಕವಚವುಂಟು, ಗಾಯಗೊಂಡರೆ 1987ರ ಕಾಯ್ದೆಯಂತೆ ಪರಿಹಾರವುಂಟು. ಇಷ್ಟಿದ್ದರೂ 2019–20ರ ಮಹಾಜ್ವಾಲೆಯಲ್ಲಿ ಅಲ್ಲಿಯ ಸ್ವಯಂಸೇವಕರು ಸತ್ತರು. ಏನೂ ಇಲ್ಲದ ನಾವು ಯಾವ ಧೈರ್ಯದ ಮೇಲಿದ್ದೇವೆ?

2006ರ ಅರಣ್ಯ ಹಕ್ಕು ಕಾಯ್ದೆ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. ಡಿಸೆಂಬರಿನಲ್ಲೇ ಊರಿಗೊಂದು ತಂಡ ಕಟ್ಟಿ, ತರಬೇತಿ, ಬೂಟು, ವಿಮೆ ಕೊಡಿ. ಬೆಂಕಿರೇಖೆ ಸವರುವ ಕೆಲಸಕ್ಕೆ ಕೂಲಿ ಕೊಡಿ. ಪ್ರಶಂಸಾಪತ್ರ ಬೇಡ. ಅದೂ ಸುಡುವ ಕಾಗದವೇ.