ಗಣಕಜಾಲ ರಕ್ಷಣೆಯ ವಿದ್ಯೆಯೂ ನಮ್ಮ ತರುಣರೂ

2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಪ್ರವಾಹದಲ್ಲಿ ಕೊಚ್ಚಿಹೋದ ಸಂಗತಿಯನ್ನು ಹಗರಿಬೊಮ್ಮನಹಳ್ಳಿ ಸೀಮೆಯವರು ಮರೆತಿರಲಾರರು. ಆ ಜಲಾಶಯದ ಹಿನ್ನೀರು ನಮ್ಮ ತಾಲ್ಲೂಕಿನ ಹೊಲಗಳವರೆಗೂ ಹಬ್ಬಿ ನಿಂತಿರುವುದು. ತುಂಬಿದ ನೀರನ್ನು ನದಿಗೆ ಹರಿಯಬಿಟ್ಟು, ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿದ ಎಂಜಿನಿಯರರನ್ನೂ ಕೆಲಸಗಾರರನ್ನೂ ನಾಡೆಲ್ಲ ಕೊಂಡಾಡಿತು, ಕೊಂಡಾಡಬೇಕಾದುದೇ. ಆದರೆ ಎಪ್ಪತ್ತು ವರ್ಷಗಳ ಹಳೆಯ ಕಟ್ಟಡದ ಯಾವ ಕೊಂಡಿ ಬಲವಾಗಿದೆ, ಯಾವುದು ಸವೆದಿದೆ ಎಂಬುದನ್ನು ಹೊಳೆ ಬರುವ ಮೊದಲೇ ಎಳೆದು ನೋಡಿ ಹೇಳುವ ಜನ ಬೇಕೆಂಬ ಪಾಠವನ್ನು ನಾವು ಎಷ್ಟರಮಟ್ಟಿಗೆ ಕಲಿತೆವು?

ಈಗ ನಾಡಿನಲ್ಲಿ ಮತ್ತೊಂದು ಜಲಾಶಯವು ತುಂಬಿ ನಿಂತಿದೆ. ಅದು ನೀರಿನದಲ್ಲ, ದಾಖಲೆಗಳದು. ರೈತನ ಪಹಣಿಯು ಶಾನುಭೋಗರ ಕಡತದಿಂದ ಹೊರಟು 'ಭೂಮಿ' ಗಣಕಕ್ಕೆ ಸೇರಿ ಎರಡು ದಶಕಗಳು ಕಳೆದವು. ಮನೆ ಹೊಲಗಳ ಕ್ರಯಪತ್ರವು 'ಕಾವೇರಿ'ಯಲ್ಲಿದೆ. ವಿಧವೆಯ ವೇತನ, ವಿದ್ಯಾರ್ಥಿಯ ಶಿಷ್ಯವೇತನ, ಗುತ್ತಿಗೆದಾರನ ಟೆಂಡರು, ಎಲ್ಲವೂ ತಂತಿಗಳ ಮೇಲೆ ಓಡಾಡುತ್ತಿವೆ. ಇದರಿಂದ ಜನರಿಗೆ ಅನುಕೂಲವಾದುದನ್ನು ನಾವು ಅಲ್ಲಗಳೆಯೆವು. ಆದರೆ ಈ ಜಲಾಶಯದ ಗೇಟುಗಳನ್ನು ಪರೀಕ್ಷಿಸುವವರು ಯಾರು?

ಭಯವು ಕಲ್ಪನೆಯದಲ್ಲ. 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದಲೇ ಹನ್ನೊಂದು ಕೋಟಿ ರೂಪಾಯಿಗಳಿಗೂ ಮಿಕ್ಕಿ ಹಣವು ಅಪಹೃತವಾಯಿತು. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಗಣಕಗಳು ದುಷ್ಟರ ಕೈವಶವಾಗಿ, ರೋಗಿಗಳ ಚೀಟಿಗಳನ್ನು ದಿನಗಟ್ಟಲೆ ಕೈಯಿಂದ ಬರೆಯಬೇಕಾಯಿತು. 2025ರ ಜನವರಿಯಲ್ಲಿ ಸುಳ್ಳು ಕೋರಿಕೆಗಳ ಮಹಾಪೂರವನ್ನು ಹರಿಯಿಸಿ 'ಕಾವೇರಿ'ಯನ್ನೇ ಉಸಿರುಗಟ್ಟಿಸಿದುದರಿಂದ, ರಾಜ್ಯದ ನೋಂದಣಿ ಕಚೇರಿಗಳಲ್ಲಿ ಜನರು ಕಾದು ಕಾದು ಹಿಂದಿರುಗಿದರು.

ಇವೆಲ್ಲಕ್ಕಿಂತಲೂ ವಿಚಾರಾರ್ಹವಾದುದು 2023ರ ಬೆರಳಚ್ಚಿನ ಪ್ರಕರಣ. ಆಸ್ತಿ ನೋಂದಾಯಿಸಿದ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದೆ ಹಣವು ಮಾಯವಾಯಿತು. ದಸ್ತಾವೇಜುಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ಯಂತ್ರಕ್ಕೆ ಅದನ್ನು ತೋರಿಸಿ ಕಳ್ಳರು ಕೆಲಸ ಸಾಧಿಸಿದ್ದರೆಂದು ಪೊಲೀಸರು ಕಂಡುಹಿಡಿದರು. ಬಳಿಕ ಇಲಾಖೆಯವರು ಬೆರಳಚ್ಚುಗಳನ್ನು ಮರೆಮಾಡುವ ಏರ್ಪಾಟಿಗೆ ತೊಡಗಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಇಲ್ಲಿ ಬೀಗ ಒಡೆಯುವ ಪ್ರಮೇಯವೇ ಬರಲಿಲ್ಲ. ಬೀಗದ ಕೈಯ ಅಚ್ಚೇ ಕಾಗದದ ಮೇಲಿತ್ತು. ಕಳ್ಳನ ಕಣ್ಣಿನಿಂದ ಆ ಕಾಗದವನ್ನು ಒಮ್ಮೆ ನೋಡಬಲ್ಲ ಪ್ರಾಮಾಣಿಕನೊಬ್ಬನು ಮೊದಲೇ ಇದ್ದಿದ್ದರೆ ಅನೇಕರ ಉಳಿತಾಯ ಉಳಿಯುತ್ತಿತ್ತು.

ಹೀಗೆ ಕಳ್ಳನ ಕಣ್ಣಿನಿಂದ ನೋಡಿ ಒಡೆಯನ ಹಿತವನ್ನು ಸಾಧಿಸುವುದಕ್ಕೇ ಎಥಿಕಲ್ ಹ್ಯಾಕಿಂಗ್ ಎಂದೂ, ಅದರ ವ್ಯವಸ್ಥಿತ ಪ್ರಯೋಗಕ್ಕೆ ಪೆನೆಟ್ರೇಶನ್ ಟೆಸ್ಟಿಂಗ್ ಎಂದೂ ಹೆಸರು. ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. ಅಮೆರಿಕದ ವಾಯುಪಡೆಯವರು ತಮ್ಮ ಅಧಿಕಾರಿಗಳಿಂದಲೇ ಮಲ್ಟಿಕ್ಸ್ ಎಂಬ ಗಣಕ ವ್ಯವಸ್ಥೆಯನ್ನು ಭೇದಿಸಿ ನೋಡಿಸಿ, ಕಂಡ ದೋಷಗಳ ವರದಿಯನ್ನು 1974ರಲ್ಲಿಯೇ ಬರೆಯಿಸಿದರು. "ಇದು ಕನ್ನ ಹಾಕುವ ವಿದ್ಯೆ, ಹುಡುಗರಿಗೆ ಕಲಿಸಬಹುದೆ?" ಎಂದು ಹಿರಿಯರು ಕೇಳುವುದುಂಟು. ಕಳ್ಳರು ನಮ್ಮ ಅಪ್ಪಣೆಗಾಗಿ ಕಾದಿಲ್ಲ. ಅವರು ಕಲಿತೇ ಇದ್ದಾರೆ. ಕಲಿಯದೆ ಉಳಿದವರು ನಾವು. ವಿಷದ ಗುಣವನ್ನರಿಯದ ವೈದ್ಯನಿಂದ ಯಾರಿಗೆ ತಾನೆ ಪ್ರಯೋಜನ?

ವಿದ್ಯೆಯ ತಳಹದಿ ಜಾದೂ ಅಲ್ಲ, ಶ್ರಮ. ಗಣಕಗಳು ಒಂದರೊಡನೊಂದು ಮಾತನಾಡುವ ಕ್ರಮ, ಲಿನಕ್ಸ್‌ನ ಬಳಕೆ, ಒಂದಿಷ್ಟು ಪ್ರೋಗ್ರಾಮಿಂಗ್, ಜಾಲತಾಣವು ಗುಪ್ತಪದವನ್ನು ಪರಿಶೀಲಿಸುವ ಬಗೆ, ಇವನ್ನು ಮೊದಲು ಅರಿಯಬೇಕು. ಅನಂತರ ಪರೀಕ್ಷೆಯ ಮೆಟ್ಟಿಲುಗಳು: ಒಡೆಯನಿಂದ ಲಿಖಿತ ಅನುಮತಿಯನ್ನೂ ಪರೀಕ್ಷೆಯ ಎಲ್ಲೆಯನ್ನೂ ಪಡೆಯುವುದು; ಹೊರಗಿನಿಂದ ದೊರೆಯುವ ಮಾಹಿತಿಯನ್ನು ಕೂಡಿಸುವುದು; ಎನ್‌ಮ್ಯಾಪ್‌ನಂಥ ಉಪಕರಣದಿಂದ ತೆರೆದ ಬಾಗಿಲುಗಳನ್ನು ಎಣಿಸುವುದು; ದುರ್ಬಲವಾದುದರ ಮೂಲಕ ಹಾನಿಯಿಲ್ಲದಂತೆ ಒಳಹೊಕ್ಕು ತೋರಿಸುವುದು; ಕಂಡುದನ್ನು ಒಡೆಯನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಪರಿಹಾರವನ್ನು ಸೂಚಿಸುವುದು; ದುರಸ್ತಿಯಾದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದು. ಈ ಆರರಲ್ಲಿ ಮೊದಲನೆಯದೂ ಐದನೆಯದೂ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಅನುಮತಿಯಿಲ್ಲದ ಪರೀಕ್ಷೆ ಅಪರಾಧ. ವರದಿಯಿಲ್ಲದ ಪರೀಕ್ಷೆ ವಿನೋದ.

ಅಪರಾಧವೆಂದು ನಾವು ಬರಿದೆ ಹೇಳಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಕಲಮುಗಳಂತೆ, ಒಡೆಯನ ಒಪ್ಪಿಗೆಯಿಲ್ಲದೆ ದುರುದ್ದೇಶದಿಂದ ಗಣಕವನ್ನು ಹೊಕ್ಕವನಿಗೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಸರಕಾರವು ವಿಶೇಷ ರಕ್ಷಿತವೆಂದು ಸಾರಿದ ವ್ಯವಸ್ಥೆಯನ್ನು ಮುಟ್ಟಿದರೆ ಸೆರೆಯ ಅವಧಿ ಹತ್ತು ವರ್ಷಗಳವರೆಗೆ ಏರುವುದು. 2017ರಲ್ಲಿ ಬೆಂಗಳೂರಿನಲ್ಲಿ ಸುಶಿಕ್ಷಿತ ಎಂಜಿನಿಯರನೊಬ್ಬನು, ಸರಕಾರದ ಇ-ಹಾಸ್ಪಿಟಲ್ ವ್ಯವಸ್ಥೆಯ ಮೂಲಕ ಆಧಾರ್ ಮಾಹಿತಿಯನ್ನು ಅನುಮತಿಯಿಲ್ಲದೆ ಪಡೆದನೆಂಬ ಆಪಾದನೆಯ ಮೇಲೆ ಬಂಧಿತನಾದನು. ಬುದ್ಧಿಯೊಂದೇ ರಕ್ಷೆಯಾಗದು ಎಂಬುದನ್ನು ತರುಣರು ಇದರಿಂದ ತಿಳಿಯಲಿ. ನೆರೆಯವನ ವೈಫೈಯಾಗಲಿ ಕಾಲೇಜಿನ ಅಂಕಪಟ್ಟಿಯಾಗಲಿ ಅಭ್ಯಾಸದ ಗರಡಿಯಲ್ಲ. ಅಭ್ಯಾಸಕ್ಕೆಂದೇ ದೋಷಗಳನ್ನಿಟ್ಟು ರಚಿಸಿದ ಜ್ಯೂಸ್ ಶಾಪ್, ವೆಬ್‌ಗೋಟ್ ಮೊದಲಾದವು ಉಚಿತವಾಗಿ ದೊರೆಯುತ್ತವೆ. ತಮ್ಮ ಗಣಕದಲ್ಲಿಯೇ ಅವನ್ನು ಸ್ಥಾಪಿಸಿ ಬೇಕಾದಷ್ಟು ಒಡೆಯಲಿ. ಖರಗ್‌ಪುರದ ಐಐಟಿಯ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿರುವಾಗ, ಹದಿನೈದು ದಿನಗಳಲ್ಲಿ ಹ್ಯಾಕರ್ ಮಾಡುವೆವೆಂದು ಸಾವಿರಾರು ರೂಪಾಯಿ ಕೇಳುವವರ ಜಾಹೀರಾತಿಗೆ ಮರುಳಾಗಬೇಕಾದುದಿಲ್ಲ.

ತರುಣರಿಗೆ ಇಷ್ಟು ಹೇಳಿದ ನಾವು ಅಧಿಕಾರಿವರ್ಗಕ್ಕೂ ಒಂದು ಮಾತು ಹೇಳದಿದ್ದರೆ ಅದು ಪಕ್ಷಪಾತವಾದೀತು. ದೋಷವನ್ನು ಅಕಸ್ಮಾತ್ತಾಗಿ ಕಂಡವನು ಸದ್ಭಾವದಿಂದ ಕಚೇರಿಗೆ ತಿಳಿಸಿದರೆ, "ನೀನು ಒಳಗೆ ಹೇಗೆ ಬಂದೆ?" ಎಂಬ ಗದರಿಕೆಯೇ ಮೊದಲ ಉತ್ತರವಾದರೆ, ಎರಡನೆಯವನು ಬಾಯಿ ತೆರೆಯಲಾರನು, ಮೂರನೆಯವನು ಅದನ್ನು ಮಾರಿಕೊಂಡಾನು. ಸದ್ಭಾವದ ಪರೀಕ್ಷಕನನ್ನು ಕಳ್ಳನಿಂದ ಬೇರೆ ಮಾಡಿ ಸ್ಪಷ್ಟವಾಗಿ ರಕ್ಷಿಸುವ ಕಲಮು ನಮ್ಮ ಕಾಯಿದೆಯಲ್ಲಿಲ್ಲ. ದಿಲ್ಲಿಯ ಸರ್ಟ್-ಇನ್ ಸಂಸ್ಥೆಯು ದೋಷಗಳ ಸೂಚನೆಯನ್ನು ಸ್ವೀಕರಿಸುತ್ತಿರುವುದೇನೋ ನಿಜ. 2022ರ ಏಪ್ರಿಲ್ 28ರ ಅದರ ಆದೇಶದಂತೆ ಆಕ್ರಮಣಕ್ಕೊಳಗಾದವರು ಆರು ಗಂಟೆಗಳಲ್ಲಿ ವರದಿ ಮಾಡಬೇಕೆಂಬ ನಿಯಮವೂ ಇದೆ. ಆದರೆ ತಾಲ್ಲೂಕು ಕಚೇರಿಯ ಎಷ್ಟು ಮಂದಿ ನೌಕರರಿಗೆ ಇದು ಗೊತ್ತು? ಒಬ್ಬರ ಗುಪ್ತಪದವನ್ನು ನಾಲ್ವರು ಬಳಸುವ ಕಚೇರಿಗೆ ಹೊರಗಿನ ಶತ್ರುವಿನ ಅವಶ್ಯವೇ ಇಲ್ಲ.

ಬೆಂಗಳೂರಿಗೆ ಈ ವಿಷಯದಲ್ಲಿ ಹಿರಿಮೆಯುಂಟು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆಯು ಅಲ್ಲಿ 2001ರಲ್ಲಿ ಆರಂಭವಾಯಿತು. ಭಾರತೀಯ ವಿಜ್ಞಾನ ಮಂದಿರದ ಆಶ್ರಯದಲ್ಲಿ ಸೈಸೆಕ್ ಕೇಂದ್ರವು ನಡೆದುಬಂದಿತು. 2024ರಲ್ಲಿ ರಾಜ್ಯವು ಸೈಬರ್ ಭದ್ರತಾ ನೀತಿಯನ್ನೂ ಪ್ರಕಟಿಸಿತು. ಆದರೆ ಬೆಳಕು ರಾಜಧಾನಿಯಲ್ಲಿ ಮಾತ್ರ ಉರಿದರೆ ಸಾಲದು. 2021ರಲ್ಲಿ ಉದಯಿಸಿದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಜನರ ದಾಖಲೆಗಳೂ ಅದೇ ಜಲಾಶಯದಲ್ಲಿವೆ. ಆದುದರಿಂದ ನಾವು ಮೂರು ಬೇಡಿಕೆಗಳನ್ನು ಸರಕಾರದ ಮುಂದಿಡುತ್ತೇವೆ: ಈ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಈ ವಿದ್ಯೆಯ ಮೂಲಪಾಠಗಳು ಕಾನೂನಿನ ಪಾಠದೊಡನೆ, ಕನ್ನಡದಲ್ಲಿ ನಡೆಯಲಿ, ಜನರ ಹಣವನ್ನೂ ಹಕ್ಕುಪತ್ರಗಳನ್ನೂ ಹೊತ್ತ ಪ್ರತಿಯೊಂದು ವ್ಯವಸ್ಥೆಯೂ ವರ್ಷಕ್ಕೊಮ್ಮೆ ಪರೀಕ್ಷೆಗೊಳಗಾಗಿ, ದೋಷಗಳು ತಿದ್ದಲ್ಪಟ್ಟವೆಂಬ ಪ್ರಮಾಣವು ಪ್ರಕಟವಾಗಲಿ, ಸದ್ಭಾವದಿಂದ ದೋಷ ತಿಳಿಸಿದವನಿಗೆ ಕಾಯಿದೆಯ ಅಭಯವಿರಲಿ.

ಸ್ವರಾಜ್ಯವನ್ನು ಗಳಿಸಿದ ಜನಾಂಗಕ್ಕೆ ಅದನ್ನು ಕಾಯುವ ಹೊಣೆಯೂ ಉಂಟು. ಹಿಂದಿನ ಊರುಗಳಲ್ಲಿ ತಳವಾರನು ರಾತ್ರಿಯಲ್ಲಿ ಬಾಗಿಲುಗಳನ್ನು ಮುಟ್ಟಿ ನೋಡುತ್ತ ನಡೆಯುತ್ತಿದ್ದನು. ತೆರೆದ ಬಾಗಿಲನ್ನು ಕಂಡರೆ ಒಳಗಿನವರನ್ನು ಎಬ್ಬಿಸುತ್ತಿದ್ದನು. ಅವನನ್ನು ಯಾರೂ ಕಳ್ಳನೆನ್ನಲಿಲ್ಲ. ಈ ಕಾಲದ ತಳವಾರರನ್ನು ನಮ್ಮ ಮಕ್ಕಳ ನಡುವಿನಿಂದಲೇ ತಯಾರಿಸೋಣ. ಅವರು ಬಾಗಿಲು ತಟ್ಟಿದಾಗ ಎಚ್ಚರಗೊಳ್ಳುವ ಸೌಜನ್ಯವನ್ನು ಅಧಿಕಾರದಲ್ಲಿರುವವರು ತೋರಲಿ.