ಊಟದ ಕೊನೆಗೆ ಒಂದು ಕಪ್ ಗಟ್ಟಿ ಮೊಸರು

ಸಿಹಿತಿಂಡಿ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಈಗ ಒಂದು ಸಾಲು 'ಶುಗರ್ ಫ್ರೀ'ಗೆ ಮೀಸಲಾಗಿದೆ. ಅದರ ಪಕ್ಕದಲ್ಲೇ ಬೆಲ್ಲದ ಮೈಸೂರ್‌ಪಾಕ್, ಖರ್ಜೂರದ ಬರ್ಫಿ, ಸಿರಿಧಾನ್ಯದ ಲಾಡು. ಬೆಲೆ ಮಾಮೂಲಿ ಸಿಹಿಗಿಂತ ಹೆಚ್ಚು, ಆದರೂ ಕೊಳ್ಳುವವರಿದ್ದಾರೆ, ಇರಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ಮಧುಮೇಹಿಗಳ ಸಂಖ್ಯೆ 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿ ನಿಂತವರ ಸಂಖ್ಯೆ 13.6 ಕೋಟಿ ಎಂದು ಅಂದಾಜಿಸಿತ್ತು. ಇವರಲ್ಲಿ ಬಹುಪಾಲು ಜನ ಸಿಹಿಯನ್ನು ಪೂರ್ತಿ ಬಿಟ್ಟವರಲ್ಲ, ಬಿಡುವವರೂ ಅಲ್ಲ. ರಾತ್ರಿ ಊಟ ಮುಗಿಸಿ ಕೈ ತೊಳೆದ ಮೇಲೆ ಫ್ರಿಜ್ಜಿನ ಬಾಗಿಲು ತೆಗೆಯುವ ಅಭ್ಯಾಸವನ್ನು ಬೈದು ಬಿಡಿಸಲಾಗದು. ಆದರೆ ಆ ಬಾಗಿಲ ಹಿಂದೆ ಏನಿರಬೇಕು ಎಂಬ ವಿಚಾರದಲ್ಲಿ ನಾವು ದಾರಿ ತಪ್ಪಿದ್ದೇವೆ. ಸಕ್ಕರೆಯನ್ನು ತೆಗೆದು ಆ ಜಾಗಕ್ಕೆ ಇನ್ನೊಂದು ಸಿಹಿಯನ್ನು ತಂದು ಕೂರಿಸುವುದರಲ್ಲೇ ನಮ್ಮ ಜಾಣ್ಮೆಯೆಲ್ಲ ಖರ್ಚಾಗುತ್ತಿದೆ. ಕಡಿಮೆ ಕಾರ್ಬೊಹೈಡ್ರೇಟಿನ ಸಿಹಿ ಬೇಕೆಂದರೆ ಅಕ್ಕಿ, ರವೆ, ಶ್ಯಾವಿಗೆ, ಸಬ್ಬಕ್ಕಿಯನ್ನು ಕೈಬಿಡಬೇಕು. ಸಕ್ಕರೆಯನ್ನು ಒಂದು ಚಮಚಕ್ಕೆ ಇಳಿಸಬೇಕು. ಉಳಿದ ತೃಪ್ತಿಯನ್ನು ಕೆನೆಯ ಕೈಗೆ ಬಿಡಬೇಕು. ಅದಕ್ಕೆ ಬೇಕಾದ ಸಾಮಾನು ಕನ್ನಡ ನಾಡಿನ ಅಡುಗೆಮನೆಯಲ್ಲೇ ಇದೆ.

ಲೆಕ್ಕ ಹಾಕಿ ನೋಡೋಣ. ಒಂದು ಬಟ್ಟಲು ಶ್ಯಾವಿಗೆ ಪಾಯಸಕ್ಕೆ 20 ಗ್ರಾಂ ಶ್ಯಾವಿಗೆ, 25 ಗ್ರಾಂ ಸಕ್ಕರೆ, 150 ಮಿಲಿಲೀಟರ್ ಹಾಲು ಎಂದಿಟ್ಟುಕೊಳ್ಳಿ. ಶ್ಯಾವಿಗೆಯಿಂದ ಸುಮಾರು 15 ಗ್ರಾಂ, ಸಕ್ಕರೆಯಿಂದ 25, ಹಾಲಿನಲ್ಲಿ ಸಹಜವಾಗಿಯೇ ಇರುವ ಸಕ್ಕರೆಯಿಂದ 7, ಒಟ್ಟು 47 ಗ್ರಾಂ ಕಾರ್ಬೊಹೈಡ್ರೇಟ್ ಆಯಿತು. ಸಕ್ಕರೆಯ ಬದಲು ಅಷ್ಟೇ ಬೆಲ್ಲ ಹಾಕಿದರೆ ಈ ಮೊತ್ತ ಎರಡು ಮೂರು ಗ್ರಾಂ ಇಳಿದೀತು, ಅಷ್ಟೆ. ಸಬ್ಬಕ್ಕಿಯಂತೂ ಹೆಚ್ಚುಕಡಿಮೆ ಬರೀ ಪಿಷ್ಟ. ಇದಕ್ಕೆ ಎದುರಾಗಿ 100 ಗ್ರಾಂ ಬಸಿದ ಗಟ್ಟಿ ಮೊಸರಿಗೆ ಒಂದು ಸಣ್ಣ ಚಮಚ ಸಕ್ಕರೆ ಬೆರೆಸಿದರೆ ಹತ್ತು ಗ್ರಾಂ ದಾಟುವುದಿಲ್ಲ. ಒಂದೇ ಬಟ್ಟಲು, ಐದನೇ ಒಂದು ಪಾಲು. ಈ ವ್ಯತ್ಯಾಸ ರಾತ್ರಿ ಹೊತ್ತಿನಲ್ಲಿ ಇನ್ನೂ ಮುಖ್ಯವಾಗುತ್ತದೆ. ಬಾಸ್ಟನ್ನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರು ಒಂದೇ ಬಗೆಯ ಊಟವನ್ನು ಬೆಳಗ್ಗೆಯೂ ಸಂಜೆಯೂ ಉಂಡಾಗ, ಊಟದ ನಂತರದ ರಕ್ತದ ಸಕ್ಕರೆ ಸಂಜೆಯಲ್ಲಿ 17 ಶೇಕಡಾ ಹೆಚ್ಚಿತ್ತು. ದೇಹದೊಳಗಿನ ಗಡಿಯಾರಕ್ಕೆ ಬೆಳಗಿನ ಇಡ್ಲಿಯೂ ರಾತ್ರಿಯ ಪಾಯಸವೂ ಒಂದೇ ಅಲ್ಲ. ನಮ್ಮ ಮನೆಗಳಲ್ಲೋ ದಿನದ ದೊಡ್ಡ ಊಟ ರಾತ್ರಿ ಒಂಬತ್ತರ ಮೇಲೆ, ಸಿಹಿಯೂ ಆಗಲೇ.

ಬದಲಿ ಸಿಹಿಗಳ ವಿಷಯಕ್ಕೆ ಬರೋಣ, ಏಕೆಂದರೆ ಜನರ ನಂಬಿಕೆ ಗಟ್ಟಿಯಾಗಿ ಬೇರೂರಿರುವುದು ಇಲ್ಲೇ. ಬೆಲ್ಲದಲ್ಲಿ ಕಬ್ಬಿಣ ಮೊದಲಾದ ಖನಿಜಗಳು ಅಷ್ಟಿಷ್ಟು ಇರುವುದು ನಿಜ, ಆದರೆ ಅದರ ತೂಕದ ಬಹುಭಾಗ ಸಕ್ಕರೆಯೇ, ರಕ್ತಕ್ಕೆ ಅದು ಸಕ್ಕರೆಯಾಗಿಯೇ ಇಳಿಯುತ್ತದೆ. ಒಣ ಖರ್ಜೂರದ ನೂರು ಗ್ರಾಂನಲ್ಲಿ ಎಪ್ಪತ್ತು ಗ್ರಾಂಗೂ ಮಿಕ್ಕಿ ಕಾರ್ಬೊಹೈಡ್ರೇಟ್ ಇದೆ. ನಾರು ಇದೆ ಎಂಬ ಸಮಾಧಾನ ಒಂದೆರಡು ಹಣ್ಣಿಗೆ ಸರಿ, ಅರೆದು ಉಂಡೆ ಕಟ್ಟಿ ನಾಲ್ಕು ತಿಂದರೆ ಸಲ್ಲದು. ಜೇನು ಕೂಡ ಇದೇ ಪಂಕ್ತಿಯದು. ಇನ್ನು 'ಶುಗರ್ ಫ್ರೀ' ಸಿಹಿ. ನೂರು ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇರದಿದ್ದರೆ ಮಾತ್ರ ಆ ಹೆಸರು ಹಾಕಬಹುದು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಆದರೆ ನಿಯಮ ಮಾತಾಡುವುದು ಸಕ್ಕರೆಯ ಬಗ್ಗೆ, ಕಡಲೆಹಿಟ್ಟಿನ ಬಗ್ಗೆಯಾಗಲಿ ಮೈದಾದ ಬಗ್ಗೆಯಾಗಲಿ ಅಲ್ಲ. ಅಂಥ ಸಿಹಿಗಳಲ್ಲಿ ಬಳಸುವ ಮಾಲ್ಟಿಟಾಲ್‌ನಂಥ ವಸ್ತುಗಳೂ ರಕ್ತದ ಸಕ್ಕರೆಯನ್ನು ಅಷ್ಟಿಷ್ಟು ಏರಿಸುತ್ತವೆ, ಹೆಚ್ಚು ತಿಂದರೆ ಹೊಟ್ಟೆ ಕೆಡಿಸುತ್ತವೆ. ಸ್ಟೀವಿಯಾ, ಸುಕ್ರಲೋಸ್ ಮುಂತಾದವನ್ನು ತೂಕ ಇಳಿಸುವ ಉಪಾಯವಾಗಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ ಎಂದೂ ಅದೇ ಸ್ಪಷ್ಟಪಡಿಸಿದೆ, ಅದನ್ನು ಮುಚ್ಚಿಟ್ಟು ವಾದ ಮಾಡುವುದು ತರವಲ್ಲ. ನನ್ನ ತಕರಾರು ವಿಷದ ಭಯದ್ದಲ್ಲ. ಇವೆಲ್ಲ ನಾಲಗೆಯನ್ನು ಹಳೆಯ ಸಿಹಿಯ ಮಟ್ಟದಲ್ಲೇ ಹಿಡಿದಿಡುತ್ತವೆ, ಆ ಮಟ್ಟ ಇಳಿಯದೆ ಇದ್ದರೆ ಹಬ್ಬ ಬಂದಾಗ ಕೈ ಮತ್ತೆ ಜಿಲೇಬಿಯ ಕಡೆಗೇ ಹೋಗುತ್ತದೆ.

ನಾಲಗೆಗೆ ಬೇಕಾದದ್ದು ಸಿಹಿ ಮಾತ್ರವೇ ಆಗಿದ್ದರೆ ಸಕ್ಕರೆ ನೀರು ಕುಡಿದು ಮಲಗಬಹುದಿತ್ತು. ಊಟ ಮುಗಿಯಿತು ಎಂಬ ಭಾವನೆ ಬರುವುದು ಜಿಡ್ಡಿನಿಂದ, ನುಣುಪಿನಿಂದ, ಬಾಯಲ್ಲಿ ನಿಧಾನವಾಗಿ ಕರಗುವ ಗುಣದಿಂದ. ಕೊಬ್ಬು ಜಠರದಿಂದ ಆಹಾರ ಮುಂದಕ್ಕೆ ಸಾಗುವುದನ್ನು ತಡೆದು ನಿಧಾನಿಸುತ್ತದೆ, ಅದರಿಂದ ಜತೆಗಿರುವ ಸಕ್ಕರೆಯೂ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ. ಇನ್ನೊಂದು ಸಂಗತಿ ತಣ್ಣಗಿನದ್ದು. ತೀರ ತಣ್ಣಗಿದ್ದರೆ ನಾಲಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ. ಕರಗಿದ ಐಸ್‌ಕ್ರೀಂ ಕುಡಿದರೆ ಮುಖ ಸಿಂಡರಿಸುವಷ್ಟು ಸಿಹಿ ಅನ್ನಿಸುವುದು ಇದರಿಂದಲೇ. ಐಸ್‌ಕ್ರೀಮಿಗೆ ಸುರಿದ ಸಕ್ಕರೆಯ ಒಂದು ಪಾಲು ಬರೀ ಚಳಿಯನ್ನು ಗೆಲ್ಲುವುದಕ್ಕೆ ಖರ್ಚಾಗುತ್ತದೆ. ಹಾಗಾಗಿ ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು ತಿನ್ನುವ ಸಿಹಿಗೆ ಕಡಿಮೆ ಸಕ್ಕರೆ ಸಾಕು. ಏಲಕ್ಕಿ, ಕೇಸರಿ, ವೆನಿಲ್ಲಾದ ಪರಿಮಳವೂ ಸಿಹಿಯ ನೆನಪನ್ನು ಎಳೆದು ತರುತ್ತದೆ. ಅಡುಗೆ ಬಲ್ಲ ಹೆಂಗಸರಿಗೆ ಇದು ಹೊಸ ವಿಷಯವಲ್ಲ, ಲೆಕ್ಕದಲ್ಲಿ ಬರೆದಿಟ್ಟದ್ದು ಮಾತ್ರ ಹೊಸದು.

ಗಟ್ಟಿ ಮೊಸರನ್ನೇ ಮೊದಲು ತೆಗೆದುಕೊಳ್ಳಿ. ಅರ್ಧ ಕೆ.ಜಿ. ಹುಳಿಯಿರದ ಮೊಸರನ್ನು ತೆಳುವಾದ ಹತ್ತಿ ಬಟ್ಟೆಗೆ ಸುರಿದು, ಗಂಟು ಕಟ್ಟಿ, ಜರಡಿಯಲ್ಲಿಟ್ಟು, ಕೆಳಗೊಂದು ಪಾತ್ರೆ ಹಿಡಿದು ಮಧ್ಯಾಹ್ನವೇ ಫ್ರಿಜ್ಜಿಗೆ ಸೇರಿಸಿದರೆ ಸಂಜೆಗೆ ನೀರು ಬಸಿದು ಎರಡು ಕಪ್ ಗಟ್ಟಿ ಮೊಸರು ಸಿಗುತ್ತದೆ. ಬಸಿದ ನೀರಿನೊಂದಿಗೆ ಹಾಲಿನ ಸಕ್ಕರೆಯ ಒಂದು ಪಾಲೂ ಹೋಗುತ್ತದೆ. ಇದನ್ನು ಚಮಚದಲ್ಲಿ ಬೆಣ್ಣೆಯಂತಾಗುವವರೆಗೆ ತಿರುವಿ, ಏಲಕ್ಕಿ ಪುಡಿ, ಕಪ್ಪಿಗೊಂದು ಸಣ್ಣ ಚಮಚ ಸಕ್ಕರೆ, ಮೇಲೆ ಸೀಳಿದ ಬಾದಾಮಿ. ಇದು ಶ್ರೀಖಂಡವಲ್ಲವೇ ಎಂದರೆ ಹೌದು, ಆದರೆ ಒಂದು ವ್ಯತ್ಯಾಸವಿದೆ. ಮಾರುಕಟ್ಟೆಯ ಶ್ರೀಖಂಡದಲ್ಲಿ ನೀರು ಬಿಟ್ಟು ಉಳಿದ ಭಾಗದ 72.5 ಶೇಕಡಾದವರೆಗೆ ಸಕ್ಕರೆ ಇರಲು ನಮ್ಮ ಆಹಾರ ನಿಯಮ ಒಪ್ಪುತ್ತದೆ. ಹಾಗೆ ಮಾಡಿದ್ದರಲ್ಲಿ ಮೊಸರಿಗಿಂತ ಸಕ್ಕರೆಯದೇ ಯಜಮಾನಿಕೆ. ಎರಡನೆಯದು ಕರಾವಳಿಯ ಎಳನೀರು ಪುಡ್ಡಿಂಗ್. ಅದಕ್ಕೀಗ ಕಂಡೆನ್ಸ್ಡ್ ಮಿಲ್ಕ್ ಹಾಕುವುದು ರೂಢಿ, ಆ ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಡಬ್ಬಿ ಬದಿಗಿಡಿ. 10 ಗ್ರಾಂ ಚೈನಾ ಗ್ರಾಸ್ ಪೊಟ್ಟಣದ ಅರ್ಧವನ್ನು ಕಾಲು ಲೀಟರ್ ಎಳನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ, ಒಲೆಯಿಂದ ಇಳಿಸಿ, ಬೆಚ್ಚಗಿನ ಕಾಲು ಲೀಟರ್ ಗಟ್ಟಿ ತೆಂಗಿನ ಹಾಲನ್ನು ಬೆರೆಸಬೇಕು. ತೆಂಗಿನ ಹಾಲನ್ನು ಕುದಿಸಿದರೆ ಒಡೆಯುತ್ತದೆ, ಅದಕ್ಕೇ ಈ ಕ್ರಮ. ಎಳನೀರಿನ ಗಂಜಿಯನ್ನು ಸಣ್ಣಗೆ ಹೆಚ್ಚಿ ಸೇರಿಸಿದರೆ ಐದು ಸಣ್ಣ ಕಪ್ಪಾಗುತ್ತದೆ. ಚೈನಾ ಗ್ರಾಸ್ ಫ್ರಿಜ್ಜಿಲ್ಲದೆಯೂ ಗಟ್ಟಿಯಾಗುತ್ತದೆ. ಎಳನೀರಿನ ಸ್ವಂತ ಸಿಹಿ ಹಲವರಿಗೆ ಸಾಕೇ ಸಾಕು. ಮೂರನೆಯದು ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣು. ಜ್ಯೂಸ್ ಅಂಗಡಿಗಳು ಅದಕ್ಕೆ ಹಾಲು ಸಕ್ಕರೆ ಸುರಿದು ಅದರ ಗುಣವನ್ನೇ ಕೆಡಿಸುತ್ತವೆ. ನೂರು ಗ್ರಾಂ ತಿರುಳಿನಲ್ಲಿ ಸುಮಾರು ಎಂಟೂವರೆ ಗ್ರಾಂ ಕಾರ್ಬೊಹೈಡ್ರೇಟ್, ಅದರಲ್ಲೂ ಆರೂವರೆಗಿಂತ ಹೆಚ್ಚು ಬರೀ ನಾರು. ಎರಡು ಚಮಚ ಗಟ್ಟಿ ಮೊಸರು, ಒಂದು ಚಮಚ ಕೋಕೋ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ ಹಾಕಿ ಮಿಕ್ಸಿಯಲ್ಲಿ ತಿರುವಿದರೆ ಚಾಕೊಲೇಟ್ ಕ್ರೀಂ ಎಂದೇ ಮಕ್ಕಳು ತಿನ್ನುತ್ತಾರೆ.

ಊಟದ ಕೊನೆಗೆ ಸಿಹಿ ತಿನ್ನುವುದೇ ನಮ್ಮ ಪದ್ಧತಿಯಲ್ಲ, ಈ ಉಸಾಬರಿ ಯಾಕೆ ಎಂದು ಹಿರಿಯರು ಕೇಳಬಹುದು. ಮಾತು ಸತ್ಯ. ಬಾಳೆಲೆಯ ಮೇಲೆ ಪಾಯಸ ಮೊದಲೇ ಬೀಳುತ್ತದೆ, ಹೋಳಿಗೆ ಲಾಡು ನಡುವೆ ಬರುತ್ತವೆ, ಕೊನೆಯದು ಮಜ್ಜಿಗೆಯನ್ನ. ಆದರೆ ಅದೇ ಮದುವೆ ಮನೆಯ ಬಾಗಿಲಲ್ಲಿ ಐಸ್‌ಕ್ರೀಂ ಮತ್ತು ಫ್ರೂಟ್ ಸಲಾಡಿನ ಮೇಜಿಗೆ ಈಗ ಎಷ್ಟು ಉದ್ದದ ಸಾಲು ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ಪದ್ಧತಿ ಬದಲಾಗಿ ಬಹಳ ಕಾಲವಾಯಿತು. ಮಜ್ಜಿಗೆಯನ್ನ, ಮೊಸರನ್ನದ ಈ ಆಕ್ಷೇಪವೇ ನನ್ನ ವಾದಕ್ಕೆ ಬಲ ಕೊಡುತ್ತದೆ. ಕೆನೆಯಿಂದ ಊಟ ಮುಗಿಸುವ ರುಚಿ ನಮಗೆ ಹೊರಗಿನಿಂದ ಬಂದದ್ದಲ್ಲ, ಮೊಸರನ್ನದಲ್ಲಿ ಅದು ಇದ್ದೇ ಇತ್ತು. ಅಲ್ಲಿ ಹೆಚ್ಚಾದದ್ದು ಅನ್ನ. ಬೇಯಿಸಿದ ನೂರು ಗ್ರಾಂ ಅನ್ನದಲ್ಲಿ 28 ಗ್ರಾಂನಷ್ಟು ಕಾರ್ಬೊಹೈಡ್ರೇಟ್ ಇದೆ. ಮುದ್ದೆಯನ್ನೋ ಅನ್ನ ಸಾರನ್ನೋ ಉಂಡ ಮೇಲೆ ಮತ್ತೆ ಒಂದು ಸೌಟು. ಐಸಿಎಂಆರ್‌ನದೇ ಸಮೀಕ್ಷೆ ಹೇಳುವಂತೆ ಭಾರತೀಯರ ದಿನದ ಕ್ಯಾಲರಿಯ 62 ಶೇಕಡಾ ಕಾರ್ಬೊಹೈಡ್ರೇಟಿನಿಂದಲೇ ಬರುತ್ತಿದೆ. ಆದ್ದರಿಂದ ಗಟ್ಟಿ ಮೊಸರಿನ ಕಪ್ಪು ಊಟಕ್ಕೆ ಸೇರ್ಪಡೆಯಲ್ಲ, ಕೊನೆಯ ಸುತ್ತಿನ ಅನ್ನದ ಜಾಗಕ್ಕೆ ಬರುವಂಥದು. ಅನ್ನವನ್ನೂ ಉಂಡು ಇದನ್ನೂ ತಿಂದರೆ ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಊಟದ ಕೊನೆಯಲ್ಲೇ ತಿನ್ನುವುದಕ್ಕೂ ಕಾರಣವಿದೆ. ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಹನ್ನೊಂದು ಮಧುಮೇಹಿಗಳಲ್ಲಿ ಪರೀಕ್ಷಿಸಿದಾಗ, ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಕಾರ್ಬೊಹೈಡ್ರೇಟನ್ನು ಕೊನೆಗಿಟ್ಟ ದಿನ ರಕ್ತದ ಸಕ್ಕರೆ ಗಮನಾರ್ಹವಾಗಿ ಕಡಿಮೆ ಏರಿತ್ತು. ಹನ್ನೊಂದು ಜನ ದೊಡ್ಡ ಸಂಖ್ಯೆಯೇನಲ್ಲ, ಆದರೆ ಸಂಜೆ ಖಾಲಿ ಹೊಟ್ಟೆಗೆ ಕಾಫಿಯ ಜತೆ ಬರ್ಫಿ ತಿನ್ನುವ ಚಾಳಿಗಿಂತ ಪಲ್ಯ, ಕೋಸಂಬರಿ ಉಂಡ ಮೇಲಿನ ಒಂದು ಕಪ್ ಒಳ್ಳೆಯದೆನ್ನುವಷ್ಟು ಸುಳಿವು ಅದರಲ್ಲಿದೆ.

ಗಂಭೀರ ಆಕ್ಷೇಪ ಬರುವುದು ಹೃದಯದ ಕಡೆಯಿಂದ. ಸಕ್ಕರೆ ಕಡಿಮೆ ಮಾಡಿ ಕೊಬ್ಬು ಹೆಚ್ಚಿಸಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗದೇ? ಗ್ರಾಂ ಸಕ್ಕರೆಯಲ್ಲಿ ನಾಲ್ಕು ಕ್ಯಾಲರಿ, ಗ್ರಾಂ ಕೊಬ್ಬಿನಲ್ಲಿ ಒಂಬತ್ತು. ತೆಂಗಿನ ಕೊಬ್ಬಂತೂ ಬಹುಪಾಲು ಸ್ಯಾಚುರೇಟೆಡ್. ಸ್ಯಾಚುರೇಟೆಡ್ ಕೊಬ್ಬು ದಿನದ ಕ್ಯಾಲರಿಯ ಹತ್ತು ಶೇಕಡಾ ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಕೀಟೋ ಹೆಸರಿನಲ್ಲಿ ಕ್ರೀಂ, ಚೀಸ್, ಬೆಣ್ಣೆಯನ್ನು ಬಟ್ಟಲುಗಟ್ಟಲೆ ಬಾರಿಸುವ ಹುಚ್ಚನ್ನು ನಾನು ಸಮರ್ಥಿಸುವುದೂ ಇಲ್ಲ. ಆದರೆ ಗಟ್ಟಿತನಕ್ಕೆ ಕೊಬ್ಬೇ ಬೇಕೆಂದಿಲ್ಲ, ನೀರು ಬಸಿದರೂ ಸಾಕು. ಮೂರು ಶೇಕಡಾ ಕೊಬ್ಬಿರುವ ನೀಲಿ ಪೊಟ್ಟಣದ ಟೋನ್ಡ್ ಹಾಲಿಗೆ ಹೆಪ್ಪು ಹಾಕಿದ ಮೊಸರೂ ಬಟ್ಟೆಯಲ್ಲಿ ಕಟ್ಟಿದ ಮೇಲೆ ಬಾಯಿಗೆ ಕೆನೆಯೇ. ಹೃದಯದ ತೊಂದರೆ ಇರುವವರು ಅದನ್ನೋ ಬೆಣ್ಣೆಹಣ್ಣನ್ನೋ ಆರಿಸಿಕೊಂಡು ತೆಂಗಿನ ಹಾಲನ್ನು ಹಬ್ಬಕ್ಕೆ ಇಟ್ಟುಕೊಳ್ಳಲಿ. ಕಪ್ಪಿನ ಅಳತೆ ನೂರು ಗ್ರಾಂ ದಾಟದಿರಲಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ಜೋರಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ರಾತ್ರಿಯ ಅನ್ನವನ್ನು ಏಕಾಏಕಿ ಕಡಿಮೆ ಮಾಡಿದರೆ ನಡುರಾತ್ರಿ ಶುಗರ್ ತೀರ ಕೆಳಗಿಳಿಯುವ ಅಪಾಯವಿದೆ. ವೈದ್ಯರನ್ನು ಕೇಳದೆ ಈ ಬದಲಾವಣೆಗೆ ಕೈ ಹಾಕುವಂತಿಲ್ಲ.

ದುಡ್ಡಿನ ಮಾತೂ ಇದೆ. 2025ರ ಏಪ್ರಿಲ್ ಒಂದರಿಂದ ನಂದಿನಿ ಹಾಲು ಮೊಸರಿನ ದರ ನಾಲ್ಕು ರೂಪಾಯಿ ಏರಿದ್ದು ಎಲ್ಲ ಮನೆಗೂ ತಟ್ಟಿದೆ. ಬೆಣ್ಣೆಹಣ್ಣು ಹಂಗಾಮು ತಪ್ಪಿದರೆ ಕೈಗೆಟುಕದು. ಆದರೂ ಅರ್ಧ ಕೆ.ಜಿ. ಮೊಸರಿನಲ್ಲಿ ಆಗುವ ಎರಡು ಕಪ್ಪನ್ನು 'ಶುಗರ್ ಫ್ರೀ' ಬರ್ಫಿಯ ಬೆಲೆಯೊಂದಿಗೆ ಹೋಲಿಸಿದರೆ ಯಾವುದು ದುಬಾರಿ ಎಂದು ಹೇಳಬೇಕಿಲ್ಲ. ಬಸಿದ ನೀರನ್ನು ಚೆಲ್ಲದೆ ಚಪಾತಿ ಹಿಟ್ಟು ಕಲಸಲು ಬಳಸಬಹುದು.

ಮನೆಯವರ ಕೆಲಸ ಇಷ್ಟಾದರೆ ಹೋಟೆಲಿನವರದೂ ಅಂಗಡಿಯವರದೂ ಬಾಕಿ ಇದೆ. ಪೊಟ್ಟಣದ ಆಹಾರದ ಮೇಲೆ ಒಟ್ಟು ಸಕ್ಕರೆ ಎಷ್ಟು, ಹೊರಗಿನಿಂದ ಸೇರಿಸಿದ್ದು ಎಷ್ಟು ಎಂದು ಮುದ್ರಿಸುವುದು ಕಡ್ಡಾಯ. ತಕ್ಕಡಿಯಲ್ಲಿ ತೂಗಿ ಮಾರುವ ಸಿಹಿಗೆ ಆ ಕಟ್ಟುಪಾಡಿಲ್ಲ. 'ಬೆಲ್ಲದ್ದು', 'ಆರೋಗ್ಯಕರ' ಎಂಬ ಚೀಟಿ ಅಂಟಿಸುವ ಅಂಗಡಿ ಅದರ ಕೆಳಗೆ ನೂರು ಗ್ರಾಂಗೆ ಎಷ್ಟು ಕಾರ್ಬೊಹೈಡ್ರೇಟ್ ಎಂದು ಬರೆಯುವಂತೆ ಮಾಡಿದರೆ ಅರ್ಧ ಭ್ರಮೆ ಅಲ್ಲೇ ಕರಗುತ್ತದೆ. ಮದುವೆ ಅಡುಗೆಯ ಗುತ್ತಿಗೆದಾರರಿಗೆ ಗಟ್ಟಿ ಮೊಸರೂ ತೆಂಗಿನ ಹಾಲೂ ಹೊಸ ಸಾಮಾನಲ್ಲ. ಐಸ್‌ಕ್ರೀಮಿನ ಮೇಜಿನ ಮೇಲೆ ಸಕ್ಕರೆ ಕಡಿಮೆ ಹಾಕಿದ ಎಳನೀರು ಪುಡ್ಡಿಂಗಿನ ಒಂದು ತಟ್ಟೆ ಇಡಿ ಎಂದು ಮದುವೆ ಮಾತುಕತೆಯಲ್ಲಿ ಮನೆಯವರು ಕೇಳಿದರೆ ಅವರು ಇಲ್ಲವೆನ್ನಲಾರರು. ಕೇಳುವವರಿಲ್ಲದೆ ಅದು ಮೆನುವಿಗೆ ಬಂದಿಲ್ಲ.